ಕೌಂಟರಕ್ಕನ ನಗು

ಮ್ಯಾಟಿನಿಗೆ ಟಿಕೆಟ್ ಕೊಡಲು ಇನ್ನೂ ಹೊತ್ತಿತ್ತು. ಚಿತ್ರಮಂದಿರದ ಟಿಕೆಟ್ ಕಿಂಡಿಯ ಹಿಂದೆ ಕೌಂಟರಕ್ಕ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿಕೊಂಡು ಪದಬಂಧಕ್ಕೆ ಕೂತಿದ್ದರು. ಪೆನ್ಸಿಲ್ ಹಿಡಿಯುವುದು ಹೇಡಿಗಳ ಕೆಲಸ ಎಂಬುದು ಅವರ ನಂಬಿಕೆ, ಬರೆದರೆ ಪೆನ್ನಿನಲ್ಲೇ.

ಆವತ್ತಿನ ಸುಳಿವುಗಳೆಲ್ಲ ಹೆಸರಾಂತ ಕಲಾವಿದರು ಮತ್ತು ಅವರ ಸ್ಫೂರ್ತಿಯ ಬಗ್ಗೆ. ಚಿತ್ರಕಾರನಿಗೆ ನದಿ, ಗಾಯಕನಿಗೆ ಅಜ್ಜಿ, ಸಲೀಸಾಗಿ ತುಂಬಿದರು. ಮೇಲಿನಿಂದ ಕೆಳಕ್ಕೆ ಏಳನೆಯದರಲ್ಲಿ ಪೆನ್ನು ನಿಂತಿತು: 'ತೆರೆಯ ನಗೆರಾಣಿಯ ಪ್ರಸಿದ್ಧ ನಗುವಿಗೆ ಸ್ಫೂರ್ತಿಯಾದ ಪ್ರಾಣಿ.' ಮೂರು ಮನೆ, ಮೊದಲನೆಯದರಲ್ಲಿ ಆಗಲೇ 'ಕು' ಬಿದ್ದಿತ್ತು.

"ಕುದುರೆಯಂತೆ!" ಎಂದರು, ಎದುರಿನ ಗೋಡೆಗೆ.

ಆ ನಗು ಅಸಲಿಗೆ ಕೌಂಟರಕ್ಕನದು. ನಗೆರಾಣಿ ಯಾರಿಗೂ ಗೊತ್ತಿಲ್ಲದ ಹುಡುಗಿಯಾಗಿದ್ದಾಗ ಇದೇ ಕಿಂಡಿಯೊಳಗೆ ಸ್ಟೂಲ್ ಹಾಕಿಕೊಂಡು ವಾರಗಟ್ಟಲೆ ಕೂತಿದ್ದಳು. "ಅಕ್ಕಾ, ಇನ್ನೊಂದ್ಸಲ ನಗಿ" ಎಂದು ಪೀಡಿಸುತ್ತಿದ್ದಳು. ಮೊದಲು ಗಂಟಲೊಳಗಿನ ಗುಡುಗುಡು, ಆಮೇಲೆ ಉಸಿರೆಳೆಯುವ ಕೀರಲು, ಕೊನೆಗೆ ಮೇಜಿಗೊಂದು ಏಟು. ಏಟನ್ನೂ ಬಿಡದೆ ಕಲಿತು ಹೋದಳು. ಅದೇ ನಗು ನಕ್ಕ ಅವಳ ಸಿನಿಮಾ ಗೆದ್ದಿತು. ಅಲ್ಲಿಂದ ಕೌಂಟರಕ್ಕ ಎಲ್ಲಿ ನಕ್ಕರೂ ಒಂದೇ ಮಾತು: ಅವಳನ್ನು ಕಾಪಿ ಹೊಡೀತಾರೆ. "ಈ ವಯಸ್ಸಲ್ಲಿ ನಿಮಗ್ಯಾಕಕ್ಕಾ ಸಿನಿಮಾದವರ ಹುಚ್ಚು?" ಎಂದು ಓರಗಿತ್ತಿ ನೆಂಟರ ಮುಂದೆಯೇ ಕೇಳಿದ ಮೇಲೆ ಅವರು ನಾಲ್ಕು ಜನರೆದುರು ನಗುವುದನ್ನೇ ಬಿಟ್ಟರು. ನಗು ಬಂದರೆ ಕರ್ಚೀಫು ಬಾಯಿಗೆ.

ಪತ್ರಿಕೆಗೆ ಫೋನ್ ಹಚ್ಚಿದರು. ಪದಬಂಧದವರೇ ಸಿಕ್ಕರು.

"ಅಮ್ಮಾ, ಅವರೇ ಸಂದರ್ಶನದಲ್ಲಿ ಹೇಳಿದಾರೆ, ಚಿಕ್ಕಂದಿನಲ್ಲಿ ನೋಡಿದ ಕುದುರೆ ಅಂತ."

"ಆ ಕುದುರೆ ನಾನೇ ಕಣಪ್ಪಾ!"

"ಹೌದಾ? ಎಲ್ಲಿ, ಒಂದ್ಸಲ ನಕ್ಕು ತೋರಿಸಿ."

ಸಿಟ್ಟಿನಲ್ಲೇ ನಕ್ಕರು. ಮೇಜಿನ ಮೇಲಿನ ಚಿಲ್ಲರೆ ಹಾರಿಬಿತ್ತು.

"ಅಬ್ಬಾ, ಥೇಟ್ ಅವರೇ! ಎಷ್ಟು ವರ್ಷದಿಂದ ಮಿಮಿಕ್ರಿ ಮಾಡ್ತಿದೀರಿ?"

ಕೌಂಟರಕ್ಕ ಫೋನನ್ನು ಕುಕ್ಕಿದರು. ಅಷ್ಟರಲ್ಲಿ ಪ್ರೊಜೆಕ್ಟರ್ ಆಪರೇಟರ್ ಮೆಟ್ಟಿಲಿಳಿದು ಏದುಸಿರು ಬಿಡುತ್ತ ಬಂದ. ಆವತ್ತು ಓಡಬೇಕಿದ್ದದ್ದು ನಗೆರಾಣಿಯ ಹಳೆಯ ಸಿನಿಮಾ.

"ರೀಲೇ ಹಾಕಿಲ್ಲ, ನಗು ಕೇಳಿ ಸಿನಿಮಾ ತಾನಾಗೇ ಶುರುವಾಯ್ತಾ ಅಂದ್ಕೊಂಡೆ ಕಣಮ್ಮಾ!"

"ಅವಳು ಇಲ್ಲಿ ಕೂತು ಕಲ್ತಿದ್ದಕ್ಕೆ ನೀವೊಬ್ಬರೇ ಸಾಕ್ಷಿ ಅಣ್ಣಾ. ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ರಾ?"

"ದೊಡ್ಡವರ ವಿಷಯ, ನಮಗ್ಯಾಕೆ ಅಂತ..."

"ದೊಡ್ಡವರೂ ಅಲ್ಲ, ಚಿಕ್ಕವರೂ ಅಲ್ಲ. ಅವಳು ಸಹಿ ಹಾಕಿ ಕೊಟ್ಟ ಫೋಟೋನ ಮೇಲೆ ನಿಮ್ಮ ರೂಮಲ್ಲಿ ಮೊಳೆ ಹೊಡೆದು ನೇತು ಹಾಕಿದೀರಲ್ಲ, ಅದಕ್ಕೇ ಬಾಯಿ ಬಿಡಲಿಲ್ಲ! ಜನ ನನ್ನ ಆಡ್ಕೊಳ್ಳೋವಾಗ ನೀವು ಅದರ ಧೂಳು ಒರೆಸ್ತಾ ಇದ್ರಿ."

ಆಪರೇಟರ್ ನೆಲ ನೋಡಿದ. "ತೆಗೆದುಬಿಡ್ತೀನಿ ಬಿಡಮ್ಮ."

"ಬೇಡ. ತೆಗೆದ್ರೆ ಗೋಡೆಯಲ್ಲಿ ತೂತು ಕಾಣುತ್ತೆ."

ಟಿಕೆಟ್ ಕೊಡುವ ಗಂಟೆ ಹೊಡೆಯಿತು. ಕೌಂಟರಕ್ಕ ಏಳನೆಯ ಸುಳಿವಿನ ಮೇಲೆ ಕಾಗದ ಹರಿಯುವಂತೆ ಗೀಟು ಎಳೆದು ಕಿಂಡಿ ತೆರೆದರು. ಸಾಲಿನ ಮೊದಲಿಗ ಹೆಂಡತಿಯೊಡನೆ ನಿಂತಿದ್ದ.

"ಅಕ್ಕಾ, ಗೊರಕೆ ಹೊಡೆಯೋರಿಗೆ ಅರ್ಧ ಟಿಕೆಟ್ ಇದೆಯಾ? ನಮ್ಮವಳು ಬರೋದೇ ನಿದ್ದೆ ಮಾಡೋಕೆ."

"ಮನೇಲಿ ನಿಮ್ಮ ಗೊರಕೆ ಮಧ್ಯೆ ಎಲ್ಲಿ ನಿದ್ದೆ ಬರುತ್ತೆ?" ಎಂದಳು ಹೆಂಡತಿ.

ಕೌಂಟರಕ್ಕನ ಕೈ ಅಭ್ಯಾಸಬಲದಿಂದ ಕರ್ಚೀಫಿಗೆ ಹೋಯಿತು. ಅರ್ಧದಲ್ಲೇ ನಿಂತು ಮೇಜಿನ ಮೇಲೆ ಬಿತ್ತು. ಗುಡುಗುಡು, ಕೀರಲು, ಏಟು. ಸಾಲಿಗೆ ಸಾಲೇ ಕತ್ತು ಚಾಚಿತು.

"ಅಯ್ಯೋ, ನಗೆರಾಣಿ ಥರಾನೇ ನಗ್ತೀರಲ್ಲ!" ಎಂದ ಮೊದಲಿಗ.

ಕೌಂಟರಕ್ಕನ ನಗು ಥಟ್ಟನೆ ನಿಂತಿತು.

"ಅವಳು ನಗೋದು ನನ್ನ ಥರ. ಚಿಲ್ಲರೆ ತಗೊಂಡು ಮುಂದೆ ನಡಿ."

ಎರಡನೆಯವನು ಟಿಕೆಟ್ ಬಿಟ್ಟು ಬೇರೇನೂ ಕೇಳಿರಲಿಲ್ಲ. ಅವನಿಗೂ ಅದನ್ನೇ ಹೇಳಿದರು.