ರಿಂಗ್ಸಿಗೆ ಎಣ್ಣೆ ಹಚ್ಚಿದ ದಸರಾ

ಬೆಂಗಳೂರಿನ ಬಾಗಲಗುಂಟೆಯಲ್ಲಿ ನನ್ನದೊಂದು ಕಬ್ಬಿಣ ಕಡೆಯುವ ಲೇತ್ ಅಂಗಡಿ. ಸಂಜೆಯಾದರೆ ಅಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಒಂದು ಶೀಟಿನ ಶೆಡ್ಡಿನಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ರಿಂಗ್ಸ್ ಕಲಿಸುತ್ತೇನೆ. ನಾನೇನು ದೊಡ್ಡ ಪಟುವಲ್ಲ. ಜೊತೆಗೆ ಕಲಿತವರೆಲ್ಲ ಬಿಟ್ಟುಹೋದರು, ಅಳಿದೂರಿಗೆ ಉಳಿದವನೇ ಗೌಡ ಎಂಬಂತೆ ನಾನು ಉಳಿದೆ. ನಲವತ್ತೆರಡಾದರೂ ಒಂದು ಹಟ ಮಾತ್ರ ಬಿಟ್ಟಿರಲಿಲ್ಲ.

ಅದು ಕ್ರಾಸ್. ಮೇಲಿಂದ ಇಳಿಬಿಟ್ಟ ಎರಡು ಮರದ ಬಳೆಗಳನ್ನು ಹಿಡಿದು, ಕೈಗಳನ್ನು ಎರಡೂ ಪಕ್ಕಕ್ಕೆ ನೇರವಾಗಿ ಚಾಚಿ, ಮೈ ಅಲುಗದಂತೆ ಎರಡು ಸೆಕೆಂಡ್ ನಿಲ್ಲಬೇಕು. ಎರಡೇ ಸೆಕೆಂಡ್ ತಾನೇ ಎನ್ನುವವರು ಒಮ್ಮೆ ನೇತಾಡಿ ನೋಡಲಿ. ನಮಗೆ ಕಲಿಸಿದ ಮೇಷ್ಟ್ರು ಗಡಿಯಾರ ನೋಡುವವರಲ್ಲ, ಬಾಯಲ್ಲೇ ಎಣಿಸುವವರು. ಮೈ ನಿಜವಾಗಿ ನಿಂತಿದೆ ಎನಿಸಿದರೆ ಮಾತ್ರ ಎಣಿಕೆ. ನನ್ನ ಹದಿನೇಳನೆಯ ವಯಸ್ಸಿನಿಂದ ಅವರ ಬಾಯಲ್ಲಿ ‘ಒಂದು’ ಎಷ್ಟೋ ಸಲ ಬಂದಿದೆ, ‘ಎರಡು’ ಒಮ್ಮೆಯೂ ಬಂದಿರಲಿಲ್ಲ.

ಕಳೆದ ದಸರಾಕ್ಕೆ ಮೊದಲು ನನ್ನ ಬಲಭುಜ ನೋಯತೊಡಗಿತು. ಎಪ್ಪತ್ತು ದಾಟಿದ ಮೇಷ್ಟ್ರು ಅದನ್ನು ಒತ್ತಿ ನೋಡಿದರು. ವಿಜಯದಶಮಿಯ ದಿನ ಮಕ್ಕಳ ಅಪ್ಪ ಅಮ್ಮಂದಿರ ಮುಂದೆ ಪ್ರದರ್ಶನ ಇದೆಯಲ್ಲ, ಅಲ್ಲಿ ಕೊನೆಯ ಸಲ ಪ್ರಯತ್ನಿಸು, ಆಗದಿದ್ದರೆ ಇನ್ನು ಕ್ರಾಸಿನ ಸುದ್ದಿಗೇ ಹೋಗಬೇಡ ಎಂದರು. ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಅದರ ಹಿಂದಿನ ದಿನ ಆಯುಧಪೂಜೆ. ಬೆಳಿಗ್ಗೆ ಅಂಗಡಿಯಲ್ಲಿ ಲೇತನ್ನು ಒರೆಸಿ, ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ, ಕುಂಕುಮ ಇಟ್ಟು, ಬೂದುಗುಂಬಳ ಒಡೆದೆ. ಅದೇ ಗುಂಗಿನಲ್ಲಿ, ಅದೇ ಎಣ್ಣೆಬಟ್ಟೆ ಹಿಡಿದು ಶೆಡ್ಡಿಗೆ ಬಂದವನು ರಿಂಗ್ಸನ್ನೂ ಫಳಫಳ ಹೊಳೆಯುವಂತೆ ಒರೆಸಿಬಿಟ್ಟೆ. ಇಪ್ಪತ್ತು ವರ್ಷ ಯಂತ್ರದ ಜೊತೆ ಬಾಳಿದ ಕೈ, ಮರ ಯಾವುದು ಕಬ್ಬಿಣ ಯಾವುದು ಎಂದು ಕೇಳಲೇ ಇಲ್ಲ. ಒಂದು ಹನಿ ಬೆವರಿಗೇ ಕೈ ಜಾರುವ ಆಟದಲ್ಲಿ ನಾನು ಮರಕ್ಕೆ ಎಣ್ಣೆ ಕುಡಿಸಿದ್ದೆ.

ಮೇಷ್ಟ್ರು ರಿಂಗ್ ಮುಟ್ಟಿ, ಬೆರಳು ಮೂಸಿದರು. “ಇದನ್ನೂ ಲೇತ್ ಅಂದ್ಕೊಂಡ್ಯೇನೋ?” ಎಂದಷ್ಟೇ ಹೇಳಿ ಹೊರಗೆ ಹೋಗಿ ಕೂತರು. ಹೊಸ ಜೊತೆ ತರೋಣವೆಂದರೆ ಆಟದ ಸಾಮಾನಿನ ಅಂಗಡಿಯವರು ಪೂಜೆ ಮುಗಿಸಿ ಬಾಗಿಲು ಹಾಕಿದ್ದರು. ಮಾಡಿದ್ದುಣ್ಣೋ ಮಹಾರಾಯ ಎಂದು ಥಿನ್ನರ್ ಹಾಕಿ ಒರೆಸಿದೆ, ಉಪ್ಪುಕಾಗದ ಹಿಡಿದು ಸಂಜೆಯವರೆಗೂ ಉಜ್ಜಿದೆ. ಎಣ್ಣೆ ಹೋಗಿ ಒಳಗಿನ ಬಿಳಿ ಮರ ಕಾಣುವಷ್ಟರಲ್ಲಿ ಭುಜ ಹಿಡಿದುಕೊಂಡಿತ್ತು. ನಾಳೆಯ ಕಥೆ ಮುಗಿಯಿತು ಎಂದುಕೊಂಡೇ ಮನೆಗೆ ಹೋದೆ.

ಮರುದಿನ ಹತ್ತು ಗಂಟೆಗೆಲ್ಲ ಶೆಡ್ ತುಂಬಿತ್ತು. ಮಕ್ಕಳ ಸರದಿ ಮುಗಿದ ಮೇಲೆ ನಾನು ಅಂಗೈಗೆ ಬೆವರು ಹೀರುವ ಮೆಗ್ನೀಷಿಯಂ ಪುಡಿ ಬಳಿದುಕೊಂಡು, ಸ್ಟೂಲ್ ಹತ್ತಿ ರಿಂಗ್ಸ್ ಹಿಡಿದೆ. ಮೇಷ್ಟ್ರು ಸ್ಟೂಲ್ ಎಳೆದುಕೊಂಡು, ನನ್ನ ಕಾಲು ಹಿಡಿದು ತೂಗಾಟ ನಿಲ್ಲಿಸಿ, ಪಕ್ಕಕ್ಕೆ ಸರಿದರು. ಉಜ್ಜಿದ ಮರ ಪುಡಿಯನ್ನು ಹೀರಿಕೊಂಡು ಅಂಗೈಗೆ ಕಚ್ಚಿಕೊಂಡಿತು. ಅಂಥ ಹಿಡಿತ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮೇಲೇರಿ, ತೋಳು ನೇರ ಮಾಡಿ, ನಿಧಾನಕ್ಕೆ ಪಕ್ಕಕ್ಕೆ ಬಿಡುತ್ತಾ ಇಳಿದೆ. ಭುಜ ಉರಿಯಿತು. ಮೈ ನಿಂತಿತು.

“ಒಂದು.”

ಅಲ್ಲಿಯವರೆಗಿನ ದಾರಿ ನನಗೆ ಗೊತ್ತಿತ್ತು. ಅಲ್ಲಿಂದಾಚೆ ನಾನು ಹೋದವನಲ್ಲ. ಹಲ್ಲು ಕಚ್ಚಿ ಎದುರಿನ ಗೋಡೆಯನ್ನೇ ನೋಡಿದೆ.

“ಎರಡು.”

ನಾನು ಇಳಿಯಲಿಲ್ಲ. ಇಪ್ಪತ್ತೈದು ವರ್ಷ ಕಾದವನು ಅಷ್ಟು ಬೇಗ ಇಳಿಯುವುದುಂಟೇ? ಅವರ ಬಾಯಿಂದ ಮೂರನ್ನೂ ಹೇಳಿಸಿಯೇ ಇಳಿದೆ. ಅಂಥ ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಮನೆಯಲ್ಲಿ ಹೇಳಿಲ್ಲ.

ಮೇಷ್ಟ್ರು ಹೊಗಳಲಿಲ್ಲ. ಬೆಳಿಗ್ಗೆ ಶೆಡ್ಡಿನಲ್ಲಿ ಮಾಡಿದ ಪೂಜೆಯ ತಟ್ಟೆಯಲ್ಲಿ ಉಳಿದಿದ್ದ ಕುಂಕುಮದಲ್ಲಿ ಒಂದು ಚಿಟಿಕೆ ತೆಗೆದು ನನ್ನ ಬಲಭುಜಕ್ಕೆ ಹಚ್ಚಿದರು.

“ನಿನ್ನೆ ಪೂಜೆ ಮಾಡ್ಬೇಕಾಗಿದ್ದು ಇದಕ್ಕೆ ಕಣೋ,” ಎಂದರು.

ಆ ಕುಂಕುಮ ಅಳಿಸದೆ, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಮೇಲಿನ ಕಂಬಿ ಹಿಡಿದು ನಿಂತುಕೊಂಡೇ ಮನೆಗೆ ಬಂದೆ.