ಕಾಲು ಹಿಡಿದವಳು

ನಾನು ಕಬಡ್ಡಿ ಆಡಿದ್ದು ನಾಲ್ಕೇ ವರ್ಷ. ಕೊನೆಯ ಪಂದ್ಯ ನಮ್ಮ ಹುಬ್ಬಳ್ಳಿಯಲ್ಲೇ ಇತ್ತು. ದುರ್ಗದಬೈಲಿನ ಪೇಟೆಯಲ್ಲಿ ಕುಬಸ ಹೊಲಿಸುವ ಖಣದ ಬಟ್ಟೆ ಮಾರುವ ನನ್ನ ಅಪ್ಪ ಅಂದು ಅಂಗಡಿ ಮುಚ್ಚಿ, ಅಕ್ಕಪಕ್ಕದ ವ್ಯಾಪಾರಿಗಳನ್ನೆಲ್ಲ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಮೊದಲ ದಾಳಿಗೆ ಹೋದವಳು ನಾನೇ. ಮೂಲೆಯಲ್ಲಿದ್ದ ಎದುರಾಳಿ ಹುಡುಗಿ ಪಾದ ಹಿಡಿದಳು. ನಾನು ತಿರುಗಿದೆ, ಮೊಣಕಾಲಿನೊಳಗೆ ಏನೋ ಲಟಕ್ಕೆಂದಿತು. ಅಪ್ಪನ ಮುಂದೆಯೇ ನನ್ನನ್ನು ಎತ್ತಿಕೊಂಡು ಹೋದರು. ನೋವಿಗಿಂತ ಹೆಚ್ಚಾಗಿ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಿದ್ದೆ.

ಶಸ್ತ್ರಚಿಕಿತ್ಸೆಯ ನಂತರವೂ ಕಾಲು ಮೊದಲಿನಂತಾಗಲಿಲ್ಲ. ಅಂಗಡಿಯಲ್ಲಿ ಕೂರತೊಡಗಿದೆ. ಅಪ್ಪ ಮಾತ್ರ ಗಿರಾಕಿಗಳಿಗೆಲ್ಲ, "ನನ್ನ ಮಗಳು ಕಬಡ್ಡಿ ಆಟಗಾರ್ತಿರಿ, ರಾಜ್ಯದ ತಂಡದಾಗ ಆಡ್ಯಾಳ" ಎನ್ನುವುದನ್ನು ಬಿಡಲಿಲ್ಲ. ಅವರು ಬಾಯಿ ತೆರೆದರೆ ಸಾಕು, ನಾನು ಖಣ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಮೈ ದಪ್ಪವಾಗಿತ್ತು, ನಡಿಗೆ ಕುಂಟಾಗಿತ್ತು. ಗಿರಾಕಿಗಳು ಮೇಲಿಂದ ಕೆಳಗೆ ನೋಡಿ, "ಹೌದೇನ್ರಿ?" ಎನ್ನುತ್ತಿದ್ದರು.

ಹೋದ ಶ್ರಾವಣದಲ್ಲಿ ಒಬ್ಬ ಹೆಂಗಸು ಬಂದಳು. ಅಪ್ಪ ಎಂದಿನಂತೆ ಶುರುಮಾಡಿದರು. ನಾನು ಏಳುವಷ್ಟರಲ್ಲಿ ಆಕೆ, "ಗೊತ್ರಿ ಕಾಕಾರ. ಅವತ್ತು ಇವರ ಕಾಲು ಹಿಡದಾಕಿ ನಾನ" ಅಂದಳು.

ಅಪ್ಪನ ಕೈಯಲ್ಲಿದ್ದ ಖಣ ಹಾಗೇ ನಿಂತಿತು. ಬೈಯುತ್ತಾರೇನೋ ಎಂದುಕೊಂಡೆ.

"ಹೌದಾ?" ಅಂದರು ಅಪ್ಪ. ಖಣವನ್ನು ಮಡಚಿಟ್ಟು, "ಛಲೋ ಹಿಡದಿದ್ದಿ ಬಿಡವಾ. ನಮ್ಮಾಕಿನ್ನ ಹಂಗ ಯಾರೂ ಹಿಡದಿದ್ದಿಲ್ಲ" ಅಂದವರೇ ಚಹಾ ಹೇಳಲು ಎದ್ದುಹೋದರು.

ಆಕೆ ನನ್ನೆದುರು ಕುಳಿತಳು. "ನಿಮ್ಮನ್ನ ನೋಡಾಕ ಬರಬೇಕಂತ ಭಾಳ ಸರ್ತಿ ಅನ್ಕೊಂಡೆರಿ. ಮಾರಿ ತೋರ್ಸೋ ಧೈರ್ಯ ಆಗ್ಲಿಲ್ಲ."

"ಆಟದಾಗ ಆಗೂದರಿ ಅದು" ಅಂದೆ. "ನೀವು ಈಗೂ ಆಡ್ತೀರೇನು?"

"ಇಲ್ರಿ. ಆಮ್ಯಾಲೆ ಯಾರ ಕಾಲು ಹಿಡಿಯಾಕ ಹೋದ್ರೂ ಆ ಸಪ್ಪಳನ ಕೇಳ್ತಿತ್ತು. ಕೈ ತಾನ ಸಡ್ಲಾಗ್ತಿತ್ತು. ಮುಂದಿನ ವರ್ಷ ತಂಡದಿಂದ ತಗದ್ರು."

ಅಂದು ಆಟ ಕಳೆದುಕೊಂಡವಳು ನಾನೊಬ್ಬಳೇ ಎಂದುಕೊಂಡು ಇಷ್ಟು ವರ್ಷ ಒಳಗೆ ಅಡಗಿ ಕುಳಿತಿದ್ದೆ. ಹಿಡಿದ ಆ ಹುಡುಗಿಗೆ ಏನಾಯಿತೆಂದು ಒಮ್ಮೆಯೂ ಕೇಳಿರಲಿಲ್ಲ. ಚಹಾ ಬಂದಾಗಲೂ ಆಕೆಯ ಮುಖ ನೋಡಲಾಗದೆ ಬಟ್ಟಲನ್ನೇ ನೋಡುತ್ತ ಕುಳಿತೆ.