ಏಪ್ರಿಲ್‌ನಲ್ಲಿ ಬಿತ್ತುವ ಎಳ್ಳು

ಮೈಸೂರಿಗೆ ಬಂದ ವಾರ, ಬೋಗಾದಿಯ ಬಾಡಿಗೆ ಮನೆಯ ಕಿಟಕಿ ತೆರೆದವಳು ಗಾಬರಿಯಾದೆ. ಅರ್ಧ ಕಟ್ಟಿದ ಎರಡು ಕಟ್ಟಡಗಳ ನಡುವೆ ಉಳಿದಿದ್ದ ತುಂಡು ಹೊಲದಲ್ಲಿ ರಾಗಿ ತೆನೆ ಬಾಗಿ ನಿಂತಿತ್ತು. ಅಕ್ಟೋಬರ್ ತಿಂಗಳು! ಅದೇ ಹೊತ್ತಿಗೆ ವಿಜಯಪುರದ ನಮ್ಮ ಎರೆಹೊಲದಲ್ಲಿ ನನ್ನ ತಮ್ಮ ಬಿಳಿಜೋಳ ಬಿತ್ತಲು ನೆಲ ಆರುವುದನ್ನೇ ಕಾಯುತ್ತಿದ್ದ. ನಾವು ಬಿತ್ತುವಾಗ ಇವರು ಕೊಯ್ಯುತ್ತಾರೆ. ಒಂದೇ ರಾಜ್ಯದಲ್ಲಿ ನನ್ನ ಕ್ಯಾಲೆಂಡರ್ ತಲೆಕೆಳಗಾಗಿತ್ತು.

ಇಲ್ಲಿನ ಶಾಲೆಯೊಂದರಲ್ಲಿ ಏಳನೇ ತರಗತಿಗೆ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತ್ತು. ಮನೆಯ ಒಡತಿ ಸಾವಿತ್ರಮ್ಮ ಒಳ್ಳೆಯವರು. ಆದರೆ ನೆಂಟರು ಬಂದಾಗಲೆಲ್ಲ ನನ್ನನ್ನು ಕರೆದು, "ಇನ್ನೊಂದ್ಸಲ ಮಾತಾಡಿ ಕಣ್ರೀ, ಕೇಳೋಕ್ ಚೆನ್ನಾಗಿದೆ" ಎನ್ನುತ್ತಿದ್ದರು. ನೆಂಟರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆಮೇಲೆ ಕೋಣೆಗೆ ಬಂದು ಕನ್ನಡಿಯ ಮುಂದೆ ಇಲ್ಲಿಯವರ ಹಾಗೆ ಮಾತಾಡುವುದನ್ನು ಅಭ್ಯಾಸ ಮಾಡುತ್ತಿದ್ದೆ. ಮೂರು ತಿಂಗಳಲ್ಲಿ ಗೆದ್ದೆ ಎಂದುಕೊಂಡೆ. ತರಕಾರಿ ಅಂಗಡಿಯವನು ಈಗ "ಯಾವೂರು?" ಎಂದು ಕೇಳುತ್ತಿರಲಿಲ್ಲ.

ಫೆಬ್ರುವರಿಯ ಕಿರುಪರೀಕ್ಷೆಯಲ್ಲಿ ಎಳ್ಳನ್ನು ಯಾವಾಗ ಬಿತ್ತುತ್ತಾರೆ ಎಂದು ಕೇಳಿದ್ದೆ. ಎಲ್ಲರೂ ಜೂನ್ ಎಂದು ಬರೆದರು. ರಮ್ಯ ಎಂಬ ಹುಡುಗಿ ಮಾತ್ರ "ಏಪ್ರಿಲ್, ಗುಡುಗಿನ ಮಳೆಗೆ" ಎಂದು ಬರೆದಿದ್ದಳು. ನಮ್ಮೂರಿನ ಏಪ್ರಿಲ್ ಎಂದರೆ ಬಾಯ್ಬಿಟ್ಟ ನೆಲ. ಉತ್ತರವನ್ನು ತರಗತಿಗೇ ಓದಿ ಹೇಳಿ, "ಬಿರುಬೇಸಿಗೆಯಲ್ಲಿ ಬಿತ್ತುವ ಜಾಣ ಯಾರಮ್ಮ?" ಎಂದೆ.

"ನಮ್ ತಾತ ಅಂಗೇ ಮಾಡೋದು ಮಿಸ್."

"ಅಂಗೇ ಅಲ್ಲ, ಹಾಗೇ," ಎಂದು ಅವಳ ದನಿಯನ್ನೇ ಅಣಕಿಸಿದೆ. ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಆ ನಗು ಯಾವ ಬಗೆಯದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ.

ಮೇ ರಜೆಯಲ್ಲಿ ಸಾವಿತ್ರಮ್ಮ ನನ್ನನ್ನು ತಮ್ಮ ತವರೂರಿಗೆ ಕರೆದೊಯ್ದರು. ಕೆಂಪು ಹೊಲಗಳಲ್ಲಿ ಗೇಣುದ್ದದ ಹಸಿರು ಪೈರು. ಏನೆಂದು ಕೇಳಿದೆ.

"ಎಳ್ಳು ಕಣ್ರೀ. ಏಪ್ರಿಲ್ ಕೊನೇಲಿ ಭರಣಿ ಮಳೆ ಹುಯ್ತಲ್ಲ, ಬಿತ್ಬುಟ್ಟವ್ರೆ. ಜೂನ್‌ಗಂಟ ಕಾಯ್ತಾ ಕೂತ್ರೆ ಇದು ಕೊಯ್ಯೋದ್ಯಾವಾಗ, ರಾಗಿ ಬಿತ್ತೋದ್ಯಾವಾಗ?"

ಮುಂಗಾರಿಗೆ ಮೊದಲೇ ಇಲ್ಲಿ ಗುಡುಗಿನ ಮಳೆ ನೆಲ ತೋಯಿಸುತ್ತದೆ. ಜೂನ್ ಬಂದ ಮೇಲೆ ಪಡುವಣ ಬೆಟ್ಟಗಳು ಮೋಡವನ್ನು ಹಿಂಡಿಕೊಂಡು ಈಚೆಗೆ ಸೋನೆಯನ್ನಷ್ಟೇ ಬಿಡುತ್ತವೆ. ಇದನ್ನೆಲ್ಲ ಪಾಠವಾಗಿ ಹೇಳಬಲ್ಲವಳು ನಾನು. ಹೊಲದ ಬದುವಿನಲ್ಲಿ ಮುಖ ಎತ್ತಲಾಗಲಿಲ್ಲ.

ಜೂನ್‌ನಲ್ಲಿ ಶಾಲೆ ತೆರೆದ ದಿನ, ಎಂಟನೇ ತರಗತಿಗೆ ಹೋಗಿದ್ದ ರಮ್ಯಳ ಬಳಿ ಹೋಗಿ ಎಲ್ಲರೆದುರೇ ಹೇಳಿದೆ: "ನಿನ್ನ ಉತ್ತರ ಸರಿಯಿತ್ತು. ತಪ್ಪು ನನ್ನದು."

"ಪರ್ವಾಗಿಲ್ಲ ಮಿಸ್. ನಾನು ಆವತ್ತೇ ಜೂನ್ ಅಂತ ತಿದ್ಕೊಂಡ್ಬುಟ್ಟೆ," ಎಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ತಾತಂಗೂ ಹೇಳ್ದೆ, ನೀನ್ ಮಾಡೋದು ತಪ್ಪು ಅಂತ."

ಸಂಜೆ ಅವಳ ಜೊತೆಯಲ್ಲೇ ಅವರ ಮನೆಗೆ ಹೋದೆ. ನನ್ನನ್ನು ಕಂಡು ತಾತ ಜಗುಲಿಯಿಂದ ಎದ್ದು ನಿಂತು ಕೈ ಮುಗಿದರು. ನಾನು ತಡವರಿಸುತ್ತ ಕ್ಷಮೆ ಕೇಳಿದೆ.

"ಓದ್ದೋರು ಹೇಳವ್ರೆ, ಏನೋ ಇರ್ತದೆ ಅಂತ ಸುಮ್ನಾದೆ ಕಣಮ್ಮ," ಎಂದರು. ತುಸು ಸಂಕೋಚದಿಂದ ಮೊಮ್ಮಗಳತ್ತ ನೋಡಿ ಸೇರಿಸಿದರು: "ಎಳ್ಳು ಮಾತ್ರ ಆ ಮಳೆಗೇ ಬಿತ್ತಿವ್ನಿ. ಇವ್ಳಿಗೆ ಹೇಳ್ಲಿಲ್ಲ ಅಷ್ಟೇ."

ತಮ್ಮ ಹೊಲಕ್ಕೆ ತಾವೇ ಕದ್ದು ಬಿತ್ತಿದ್ದರು, ನನ್ನಿಂದಾಗಿ.

ಮೊನ್ನೆ ತಮ್ಮ ಫೋನ್ ಮಾಡಿ ಮಳೆಯ ಸುದ್ದಿ ಕೇಳಿದ. "ನಮ್ಮ ಕಡೆ ಆಗಲೇ ಎಳ್ಳು ಕಾಯಿ ಕಟ್ಟಿದೆ," ಎಂದೆ.

ಅವನು, "ನಮ್ಮ ಕಡಿ ಇನ್ನಾ ಬಿತ್ತಗಿನೇ ಆಗಿಲ್ಲಲ್ಲ ಅಕ್ಕಾ. ನೀ ಯಾರ ಕಡಿ ಮಾತು ಹೇಳಾಕತ್ತಿ?" ಎಂದ.

ಊರಿನ ಮಾತಿನಲ್ಲಿ ಶುರು ಮಾಡಿದ ವಾಕ್ಯವನ್ನು ಇಲ್ಲಿನ ಮಾತಿನಲ್ಲಿ ಮುಗಿಸಿ ಫೋನ್ ಇಟ್ಟೆ. ರಮ್ಯಳ ವಿಷಯವನ್ನು ಅವನಿಗಿನ್ನೂ ಹೇಳಿಲ್ಲ. ಅವನಿಗಿಂತ ಮೊದಲು ನಿಮಗೆ ಹೇಳುತ್ತಿದ್ದೇನೆ.